ಗೂಡಿನಲ್ಲಿಟ್ಟ ಏಳು ಕಾಯಿ

ಬ್ಯಾಡಗಿಯ ನಮ್ಮ ಓಣಿಯಲ್ಲಿ ಮೂವತ್ತು ವರ್ಷಗಳಿಂದ ದೃಷ್ಟಿ ತೆಗೆಯುವ ಕೈ ಒಂದೇ, ಹಾಜಿರಾಬಿಯದು. ಹಗಲೆಲ್ಲ ವ್ಯಾಪಾರಿ ಮಾಲತೇಶಪ್ಪನವರ ಪಡಸಾಲೆಯಲ್ಲಿ ನಮ್ಮಂಥ ಕೂಲಿ ಹೆಂಗಸರೊಂದಿಗೆ ಕುಳಿತು ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಾಳೆ. ತುಂಬು ಬಿಡಿಸಿದ ಕಾಯಿ ದೃಷ್ಟಿಗೆ ನಡೆಯುವುದಿಲ್ಲ. ಅದಕ್ಕೇ ಸಂಜೆ ಕೆಲಸ ಬಿಟ್ಟು ಏಳುವ ಮೊದಲು ತುಂಬು ಇರುವ ಏಳು ಕಾಯಿ ಆರಿಸಿ ಗೋಡೆಯ ಗೂಡಿನಲ್ಲಿ ಇಡುತ್ತಾಳೆ. ಮೈಮೇಲಿಂದ ಇಳಿಸಿ ಕೆಂಡಕ್ಕೆ ಹಾಕಿದಾಗ ಘಾಟು ಎದ್ದರೆ ಏನೂ ಆಗಿಲ್ಲ. ಏಳದಿದ್ದರೆ ದೃಷ್ಟಿ ಆಗಿದೆ. ಯಾರದೆಂದು ಮಾತ್ರ ಅವಳು ಎಂದೂ ಹೇಳಿದವಳಲ್ಲ.

ಗಡಿಯ ಕಡೆ ಉಗ್ರರು ಜನರನ್ನು ಕೊಂದ ವಾರವದು. ಪಡಸಾಲೆಯ ಟೀವಿಯಲ್ಲಿ, ಗಡಿಯಾಚೆಯ ಸರ್ಕಾರದ ಕೈ ಇದೆಯೋ ಇಲ್ಲವೋ ಎಂಬ ಅದೇ ವಾದ. ಮಾಲತೇಶಪ್ಪನವರೂ ಅವರ ಹೆಂಡತಿ ಕರೆವ್ವನ ತಮ್ಮ ವೀರೇಂದ್ರನೂ ಇಲ್ಲಿಯೂ ಅದನ್ನೇ ನಡೆಸಿದ್ದರು.

"ಆ ಸರ್ಕಾರದ ಕೈ ಇಲ್ಲದ ಇಷ್ಟೆಲ್ಲಾ ಆಗ್ತಿತ್ತೇನಲೇ?"

"ಕೈ ಐತಿ ಅಂದ್ರ ತೋರಸಬೇಕಲ್ಲ ಮಾಮಾ. ಅವರು ತಾವಲ್ಲ ಅನ್ನಾಕತ್ತಾರ."

"ಕಳ್ಳ ಯಾವಾಗರ ಒಪ್ಪಿಕೊಂಡಾನೇನು?"

"ನೀವೇನು ಜಡ್ಜಸಾಹೇಬರ?"

ಸಿಟ್ಟು ಬಂದ ಮಾಲತೇಶಪ್ಪ ತಟ್ಟನೆ ಈ ಕಡೆ ತಿರುಗಿದರು. "ಹಾಜಿರಾಬಿ, ನೀನ ಹೇಳವಾ. ಆ ಸರ್ಕಾರ ಮಾಡಿಸೈತೋ ಇಲ್ಲೋ?"

ಅವಳ ಕೈ ನಿಂತಿತು. "ನನ್ನ ತವರು ಇಲ್ಲೇ ರಾಣೆಬೆನ್ನೂರು ಕಡೆ ಕುಪ್ಪೇಲೂರರಿ ಅಣ್ಣಾರ. ಅಲ್ಲಿಯ ಸುದ್ದಿ ಬೇಕಾದ್ರ ಕೇಳ್ರಿ."

ವೀರೇಂದ್ರ ನಕ್ಕ. ಮಾಲತೇಶಪ್ಪ ನಗಲಿಲ್ಲ. "ಬಾಯಿಬಿಟ್ಟು ಹೇಳು ಅನ್ನಾಕತ್ತೇನಿ."

ಅವಳು ಏಳು ಕಾಯಿ ಗೂಡಿನಲ್ಲಿಟ್ಟು, ಸೆರಗು ಝಾಡಿಸಿ ಹೋದಳು. ಮರುದಿನ ಬರಲಿಲ್ಲ.

ಮಾಲತೇಶಪ್ಪನವರಿಗೆ ಅಂದಿನಿಂದ ಊಟವಿಲ್ಲ, ನಿದ್ದೆಯಿಲ್ಲ. ಟೀವಿಯ ದನಿ ಪೂರ್ತಿ ಇಳಿಸಿ ಎದುರು ಕೂರುತ್ತಿದ್ದರು. ಅಲ್ಲಿನವರ ತುಟಿ ಆಡಿದಂತೆ ಇವರ ತುಟಿಯೂ ಆಡುತ್ತಿತ್ತು. ರಾಣೆಬೆನ್ನೂರಿನ ಡಾಕ್ಟರರು ಏನೂ ಇಲ್ಲವೆಂದರು. ಐದನೆಯ ದಿನ ಕರೆವ್ವ ಚೀಲದ ಕಾಯಿಯನ್ನೇ ತೆಗೆದು ತಾನೇ ಇಳಿಸಿದಳು. ಘಾಟು ಎದ್ದು ನಾವೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಮಾಲತೇಶಪ್ಪನವರೊಬ್ಬರೇ ಆ ಹೊಗೆಯಲ್ಲಿ ಕಣ್ಣು ಮಿಟುಕಿಸದೆ ಕುಳಿತಿದ್ದರು.

"ಆಕಿ ಕೈನ ಬೇಕು," ಎಂದು ಕರೆವ್ವ ನನ್ನನ್ನು ಹಾಜಿರಾಬಿಯ ಮನೆಗೆ ಕಳಿಸಿದಳು.

ಹಾಜಿರಾಬಿ ಕೇಳಿದ್ದು ಒಂದೇ. "ಅಣ್ಣಾರು ಕರದಾರೇನಕ್ಕಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಇಲ್ಲ. ಕರೆವ್ವ."

"ಅವರು ಕರೀಲಿ. ಅಲ್ಲಿತನಕ ಆ ಹೊಸ್ತಿಲಾ ತುಳಿಯಂಗಿಲ್ಲ."

ಮರಳಿ ಬಂದು ಹೇಳಿದೆ. ಮಾಲತೇಶಪ್ಪ ಟೀವಿಯಿಂದ ಮುಖ ತಿರುಗಿಸಿದರು. ಆಮೇಲೆ ಗೂಡಿನತ್ತ ಬೆರಳು ತೋರಿದರು. "ಅವು ಏಳೂ ನನ್ನ ನೋಡಾಕತ್ತಾವ. ಹಾಜಿರಾಬಿಗೆ ನಾ ಕರದೇನಿ ಅನ್ನು. ತಪ್ಪಾತು ಅನ್ನು."

ದೀಪ ಹಚ್ಚುವ ಹೊತ್ತಿಗೆ ಅವಳು ಬಂದಳು. ಗೂಡಿನಿಂದ ಅವೇ ಏಳು ಕಾಯಿ ತೆಗೆದಳು. ತುಟಿಯೊಳಗೇ ಅಲ್ಲಾಹನ ಹೆಸರು ಹೇಳುತ್ತ ಮೂರು ಸಲ ಇಳಿಸಿ ಕೆಂಡಕ್ಕೆ ಹಾಕಿದಳು. ನಾನು ಮನಸ್ಸಿನಲ್ಲೇ ನನ್ನ ಶಿವನನ್ನು ನೆನೆದೆ. ಕಾಯಿ ಕಪ್ಪಾದವು, ಮುದುಡಿದವು. ಹೊಗೆ ದಾರದಂತೆ ನೆಟ್ಟಗೆ ಎದ್ದಿತು. ಘಾಟಿಲ್ಲ. ಯಾರೂ ಕೆಮ್ಮಲಿಲ್ಲ. ಟೀವಿಯಲ್ಲಿ ದನಿಯಿಲ್ಲದ ಬಾಯಿಗಳು ತೆರೆಯುತ್ತ ಮುಚ್ಚುತ್ತ ಇದ್ದವು.

"ಯಾರದು, ಹಾಜಿರಾಬಿ?" ಮಾಲತೇಶಪ್ಪ ಕೆಂಡದತ್ತ ಬಾಗಿ ಕೇಳಿದರು.

"ನಾ ಕಣ್ಣಾರೆ ಕಂಡಿಲ್ಲರಿ ಅಣ್ಣಾರ. ಕಾಣದ ಹೆಸರು ಹೇಳಿದ್ರ, ಇಳಿಸಿದ ದೃಷ್ಟಿ ಹೇಳಿದವರ ಮನೀಗೇ ಬಂದು ಕುಂದರತೈತಿ." ಬೂದಿಯನ್ನು ಮೊರದಲ್ಲಿ ತುಂಬಿಕೊಂಡು, ಹಿಂತಿರುಗಿ ನೋಡದೆ ಮೂರು ದಾರಿ ಕೂಡುವಲ್ಲಿಗೆ ನಡೆದಳು.

ಮರುದಿನ ಬೆಳಿಗ್ಗೆ ಅವಳು ತನ್ನ ಜಾಗದಲ್ಲಿ ಕುಳಿತಿದ್ದಳು. ಚೀಲ ಸುರಿದಾಗ ಎದ್ದ ಧೂಳಿಗೆ ಮಾಲತೇಶಪ್ಪ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದರು. "ಕೆಮ್ರಿ ಕೆಮ್ರಿ, ಚಲೋ ಆತು," ಎಂದು ಕರೆವ್ವ ಅಳುತ್ತಲೇ ನಕ್ಕಳು. ಟೀವಿಗೆ ಬಟ್ಟೆ ಹೊದಿಸಿತ್ತು.

ಸಂಜೆ ಹಾಜಿರಾಬಿ ಗೂಡಿನಲ್ಲಿಟ್ಟ ಕಾಯಿಗಳನ್ನು ಎಣಿಸಿದೆ. ಹದಿನಾಲ್ಕಿದ್ದವು. ಹೆಚ್ಚಿನ ಏಳು ಅವಳಿಗೇ ಏನು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.