ಆಪರೇಟರಮ್ಮನ ಕಿವಿ

ಎಪ್ಪತ್ತರ ದಶಕದಲ್ಲಿ ನಾನು ಮಧುಗಿರಿಯ ವಿದ್ಯುತ್ ಕೇಂದ್ರಕ್ಕೆ ಸೇರಿದಾಗ ಅಲ್ಲೊಬ್ಬ ಆಪರೇಟರಮ್ಮ ಇದ್ದರು. ಶಿರಾ, ಕೊರಟಗೆರೆ, ಪಾವಗಡದ ಕೇಂದ್ರಗಳು ಗಂಟೆಗೊಮ್ಮೆ ಫೋನಿನಲ್ಲಿ ಒಪ್ಪಿಸುವ ವಿದ್ಯುತ್ ಬಳಕೆಯ ಅಂಕಿಗಳನ್ನೆಲ್ಲ ಒಂದೇ ಲಾಗ್ ಪುಸ್ತಕಕ್ಕೆ ಬರೆಯುವುದು ಅವರ ಕೆಲಸ. ಒಂದು ರಿಸೀವರನ್ನು ಭುಜಕ್ಕೆ ಒತ್ತಿಕೊಂಡು, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು, "ಹೇಳಪ್ಪ, ಬರ್ಕಂತಾ ಇವ್ನಿ" ಎನ್ನುವರು.

ಒಂದು ಮಧ್ಯಾಹ್ನ ಬಿರುಗಾಳಿಗೆ ವಿದ್ಯುತ್ ಲೈನುಗಳು ಕಡಿದು ಎಲ್ಲ ಕಡೆಯಿಂದಲೂ ಒಟ್ಟಿಗೇ ಕರೆ ಬಂತು. ಪಾವಗಡದ ಆಪರೇಟರು ಅಂಕಿಗಳನ್ನು ಸರಿಯಾಗಿಯೇ ಹೇಳಿದ. ಆದರೂ ಆಪರೇಟರಮ್ಮನ ಪೆನ್ನು ನಿಂತಿತು.

"ಯಾಕಣ್ಣ, ಉಸ್ರು ಅಂಗೆ ಎಳೀತಿದ್ದೀಯ?"

"ಏಂ ಲೇದಮ್ಮ, ಏನಿಲ್ಲ, ಎದೆ ವಸಿ ಹಿಡ್ದಂಗೈತೆ. ಒಬ್ನೇ ಇವ್ನಿ."

ಪಾವಗಡದ ಆಸ್ಪತ್ರೆಗೆ ಫೋನ್ ಮಾಡುವಂತೆ ಅವರು ನನಗೆ ಸನ್ನೆ ಮಾಡಿದರು. ಬಳಿಕ, "ಫೋನ್ ಇಡ್ಬ್ಯಾಡ ಕಣಣ್ಣ. ನಿನ್ ಮಗಳ ಹೆಸ್ರೇನು, ಹೇಳು" ಎಂದು ಆತನನ್ನು ಮಾತಿನಲ್ಲಿ ಹಿಡಿದಿಟ್ಟರು. ಇನ್ನೊಂದು ಕಿವಿಯಲ್ಲಿ ಶಿರಾದ ಅಂಕಿ ಕೇಳುತ್ತ, ಒಂದೂ ತಪ್ಪದಂತೆ ಬರೆದರು. ಅಷ್ಟರಲ್ಲಿ ನಾನು ಆಸ್ಪತ್ರೆಗೆ ವಿಷಯ ಮುಟ್ಟಿಸಿದೆ. ಕೊನೆಗೆ ಪಾವಗಡದಿಂದ ಬೇರೊಂದು ದನಿ ಕೇಳಿತು: "ಅಮ್ಮಾ, ಡಾಕ್ಟ್ರು ಬಂದ್ಬುಟ್ರು. ಜೀವ ಐತೆ."

ಆತ ಗುಣವಾಗಿ ಕೆಲಸಕ್ಕೆ ಮರಳಿದ ದಿನ ಎಂದಿನಂತೆ ಅಂಕಿಗಳನ್ನು ಒಪ್ಪಿಸಿದ. ಆಪರೇಟರಮ್ಮ ಅಂಕಿ ಬರೆದು, ಕಣ್ಣು ಮುಚ್ಚಿ ಆತನ ಉಸಿರಿಗೆ ಕಿವಿಗೊಟ್ಟರು.

"ಇನ್ನೊಂದ್ಸಲ ಹೇಳಣ್ಣ" ಎಂದರು.

ಅವರು ಯಾರಿಂದಲಾದರೂ ಎರಡನೇ ಸಲ ಹೇಳಿಸಿಕೊಂಡದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.