ಸೋರಿದರೇ ನೆಮ್ಮದಿ ಅನ್ನುವ ಹನಿಯಕ್ಕ

"ಎಲ್ಲರೂ ಕೇಳೋದು ಒಂದೇ ಮಾತು ಅತ್ತಿಗೆ. ಅಣೆಕಟ್ಟು ಒಳಗೆ ಸೋರುತ್ತಂತಲ್ಲ, ನಿಮಗೆ ಭಯ ಆಗಲ್ವಾ ಅಂತ. ಸೋರದೆ ಇದ್ರೆ ಭಯ ಕಣ್ರೀ ಅಂತೀನಿ, ನಗ್ತಾರೆ. ಅಷ್ಟು ನೀರನ್ನ ಬೆನ್ನಿಗೆ ಒತ್ತಿಕೊಂಡು ನಿಂತಿರೋ ಗೋಡೆ ಅದು. ನೀರು ಸುಮ್ನೆ ಇರುತ್ತಾ? ಅಡಿಯಲ್ಲಿರೋ ಬಂಡೆ ಸಂದೀಲಿ ನುಗ್ಗಿ, ಗೋಡೇನೇ ಕೆಳಗಿಂದ ಎತ್ತೋಕೆ ನೋಡುತ್ತೆ. ಅದಕ್ಕೇ ಕಟ್ಟಿದೋರು ಅಡಿಯಿಂದ ಇಪ್ಪತ್ನಾಲ್ಕು ಕೊಳವೆ ಬಿಟ್ಟಿದ್ದಾರೆ. ನುಗ್ಗಿದ ನೀರು ಕೊಳವೇಲಿ ಮೇಲೆ ಬಂದು ಚರಂಡಿಗೆ ಬಿದ್ದು ಹೊರಗೆ ಹೋಗ್ಬೇಕು. ಸಿಟ್ಟು ಬಂದೋರು ನಾಲ್ಕು ಮಾತಾಡಿ ಹಗುರಾಗ್ತಾರಲ್ಲ, ಹಾಗೆ. ಬಾಯಿ ಮುಚ್ಚಿಸಿದ್ರೆ ಇನ್ನೆಲ್ಲೋ ಒಡೆಯುತ್ತೆ. ಒಂದೊಂದು ಕೊಳವೆ ಗುಣಾನೂ ನನಗೆ ಗೊತ್ತು. ಮೂರನೇದು ಜುಗ್ಗ, ತೊಟ್ಟು ತೊಟ್ಟಾಗಿ ಕೊಡುತ್ತೆ. ಹದಿನಾಲ್ಕನೇದು ನಮ್ಮ ಅಣ್ಣನ ಹಾಗೆ, ನಿಲ್ಲಿಸೋದೇ ಇಲ್ಲ. ಇಪ್ಪತ್ತೆರಡನೇದು ಮಳೆ ಬಂದ ಮೂರನೇ ದಿನ ಜೋರಾಗುತ್ತೆ, ಆಮೇಲೆ ತಾನಾಗೇ ತಣ್ಣಗಾಗುತ್ತೆ. ಮನುಷ್ಯರ ಹಾಗೇ."

ಹೀಗೆ ಹೇಳಿದವಳು ನನ್ನ ಗಂಡನ ತಂಗಿ. ಅಣೆಕಟ್ಟಿನ ಆಫೀಸಿನಲ್ಲಿ, ಪೇಟೆಯಲ್ಲಿ, ದೋಣಿಕಟ್ಟೆಯಲ್ಲಿ ಎಲ್ಲರಿಗೂ ಹನಿಯಕ್ಕ. ವಯಸ್ಸು ಐವತ್ತೇಳು. ಇಪ್ಪತ್ತೊಂಬತ್ತು ವರ್ಷದಿಂದ ಒಂದೇ ಕೆಲಸ. ಬೆಳಿಗ್ಗೆ ಏಳಕ್ಕೆ ಗಮ್‌ಬೂಟು ಹಾಕಿ, ಒಂದು ಲೀಟರಿನ ಜಗ್ಗು, ಟಾರ್ಚು, ಕ್ಷಣ ಎಣಿಸುವ ಗಡಿಯಾರ, ಪೆನ್ಸಿಲ್ ಹಿಡಿದು ಅಣೆಕಟ್ಟಿನ ಹೊಟ್ಟೆಯೊಳಗಿನ ಸುರಂಗಕ್ಕೆ ಇಳಿಯುತ್ತಾಳೆ. ಇನ್ನೂರ ಹನ್ನೆರಡು ಮೆಟ್ಟಿಲು. ಪ್ರತಿ ಕೊಳವೆಯ ಬಾಯಿಗೂ ಜಗ್ಗು ಹಿಡಿದು, ಅದು ತುಂಬಲು ಎಷ್ಟು ಹೊತ್ತಾಯಿತೆಂದು ಪುಸ್ತಕದಲ್ಲಿ ಬರೆಯುತ್ತಾಳೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಇಪ್ಪತ್ನಾಲ್ಕು ಜನರ ಬಾಯಿಗೆ ಪಾತ್ರೆ ಹಿಡಿಯೋದ್ರಲ್ಲಿ ಪುರುಸೊತ್ತಾಗಲಿಲ್ಲ" ಎನ್ನುತ್ತಾಳೆ. ಕೇಳಿದವರು ಎರಡನೇ ಸಲ ಕೇಳುವುದಿಲ್ಲ.

ಅಣ್ಣ, ಅಂದರೆ ನಮ್ಮೆಜಮಾನರು, ಅದೇ ನೀರಿನ ಮೇಲ್ಗಡೆಯ ಮನುಷ್ಯ. ಹಿನ್ನೀರಿನಲ್ಲಿ ಹನ್ನೆರಡು ಹುಟ್ಟುದೋಣಿ ಇಟ್ಟುಕೊಂಡು, ರಜೆಗೆ ಬರುವವರನ್ನು ಸುತ್ತಾಡಿಸುತ್ತಾರೆ. ತೇಲುವ ಜಾಕೆಟ್ ಹಾಕದೆ ದೊರೆಯೇ ಬಂದರೂ ಹತ್ತಿಸುವುದಿಲ್ಲ. ತಂಗಿ ನೀರಿನ ಅಡಿ ಕಾಯುವವಳು, ಅಣ್ಣ ನೀರಿನ ತಲೆ ಸವರುವವರು. ಸಂಜೆ ಮನೆಗೆ ಬಂದರೆ ಇಬ್ಬರದೂ ನೀರಿನದೇ ಮಾತು. ನನಗೆ ಕೇಳಿಸಿಕೊಳ್ಳುವ ಕೆಲಸ.

ನಮ್ಮ ಮನೆಯಲ್ಲಿ ಬಟ್ಟೆ ಒಗೆದು ಒಣಹಾಕುವುದು ಯಜಮಾನರ ಪಾಲು, ಯಾಕೆಂದರೆ ದೋಣಿ ಇಳಿಸುವುದು ಹತ್ತು ಗಂಟೆಗೆ. ತಂತಿಯ ಮೇಲೆ ತಂಗಿಯ ಕಾಲುಚೀಲಗಳೇ ಮೊದಲು. ಸುರಂಗದಲ್ಲಿ ಅವಳ ಕಾಲು ಒದ್ದೆಯಾಗದ ದಿನವಿಲ್ಲ. ಬೂಟು ಎಷ್ಟು ಹೊಸದಾದರೂ ನೀರು ದಾರಿ ಕಂಡುಕೊಳ್ಳುತ್ತದೆ. "ನೀನು ಹೋಗೋದು ಕೆಲಸಕ್ಕಾ, ಕಪ್ಪೆ ಹಿಡಿಯೋಕಾ?" ಎಂದು ಹೀಯಾಳಿಸುತ್ತಲೇ ಹಿಂಡಿ ಹಾಕುತ್ತಿದ್ದರು.

ದೋಣಿ ರೇಸು ನಡೆಸಬೇಕೆಂಬುದು ನಮ್ಮೆಜಮಾನರ ಬಹು ದಿನದ ಹುಚ್ಚು. ಮೂರು ವರ್ಷ ಅಣೆಕಟ್ಟಿನ ಆಫೀಸಿಗೆ ಅಲೆದು ಒಪ್ಪಿಗೆ ತಂದರು. ಹತ್ತೊಂಬತ್ತು ತಂಡ ಹೆಸರು ಕೊಟ್ಟವು. ದೋಣಿಕಟ್ಟೆಯ ಮೇಲಿನ ಮೆಟ್ಟಿಲವರೆಗೂ ನೀರಿರಲಿ ಎಂದು ಆಫೀಸಿನವರು ಜಲಾಶಯವನ್ನು ತುಂಬಾ ತುಂಬಿಸಿ ಇಟ್ಟರು. ಹೇಗೂ ಜನ ಸೇರುತ್ತಾರಲ್ಲ, ರೇಸಿನ ಭಾನುವಾರವೇ ಸುರಂಗವನ್ನೂ ಅವರಿಗೆ ತೋರಿಸೋಣ ಎಂದರು. ಅಲ್ಲೇ ಎಡವಟ್ಟಾಯಿತು.

ಸುರಂಗಕ್ಕೆ ಸುಣ್ಣಬಣ್ಣ ಮಾಡಲು ಒಬ್ಬ ಮೇಸ್ತ್ರಿ ಬಂದ. ಕೈ ಚೊಕ್ಕಟದವನು, ಮನಸ್ಸೂ ಒಳ್ಳೆಯದೇ. ಬಾಗಿಲ ಹತ್ತಿರದ ಆರು ಕೊಳವೆಗಳ ನೀರು ನಡೆಯುವ ದಾರಿಗೇ ಚಿಮ್ಮುತ್ತಿತ್ತು. ನೋಡಲು ಬರುವವರ ಬೂಟು ನೆನೆಯುತ್ತದಲ್ಲ ಎಂದು ಅವನಿಗೆ ಕನಿಕರ. ಬೇಗ ಗಟ್ಟಿಯಾಗುವ ಸಿಮೆಂಟು ಕಲೆಸಿ ಆರರ ಬಾಯಿಗೂ ತುರುಕಿ, ಮೇಲೆ ಬಿಳಿ ಬಣ್ಣ ಬಳಿದ.

ಬುಧವಾರ ಬೆಳಿಗ್ಗೆ ಹನಿಯಕ್ಕ ಇಳಿದಾಗ ನಡೆದದ್ದನ್ನು ಆಮೇಲೆ ಮೇಸ್ತ್ರಿಯೇ ನನ್ನ ಮುಂದೆ ಹೇಳಿದ.

"ಹೇಗಿದೆ ಅಕ್ಕ? ಕನ್ನಡಿ ಹಾಗಿದೆಯಲ್ವಾ? ಇಪ್ಪತ್ತೊಂಬತ್ತು ವರ್ಷದ ಸೋರಿಕೆ ಒಂದೇ ದಿನಕ್ಕೆ ನಿಲ್ಲಿಸಿದ್ದೀನಿ!" ಎಂದನಂತೆ.

ಅವಳು ಒಣಗಿದ ನೆಲ ಮುಟ್ಟಿ ನೋಡಿದಳು. ಗೋಡೆಯಲ್ಲಿ ಒತ್ತಡ ತೋರಿಸುವ ಗಡಿಯಾರದಂಥ ಮಾಪಕವಿದೆ. ಅದರ ಮುಳ್ಳು ಹಿಂದಿನ ದಿನಕ್ಕಿಂತ ಎರಡು ಗೆರೆ ಮೇಲಿತ್ತು.

"ಮಾರಾಯ, ಇದನ್ನ ಈಗಲೇ ಕಿತ್ತು ತೆಗಿ."

"ಅದು ಕಲ್ಲಾಗಿದೆ ಅಕ್ಕ. ಯಂತ್ರ ತಂದು ಕೊರೀಬೇಕು. ಭಾನುವಾರ ಕಳೀಲಿ, ಬಿಡಿ. ಅಲ್ಲೀವರೆಗೂ ಹಳೇ ಅಂಕಿನೇ ಬರೆದುಬಿಡಿ. ನಾಲ್ಕು ದಿನ ತಾನೇ?"

"ನೀನು ನಾಲ್ಕು ದಿನ ಮೂಗು ಮುಚ್ಕೊಂಡಿರು, ನಾನೂ ಬರೀತೀನಿ."

ಅಷ್ಟು ಹೇಳಿ ಮೇಲೆ ಹತ್ತಿದಳು. ಆದರೆ ಅರ್ಧ ದಾರಿಯಲ್ಲಿ ಕುಳಿತುಬಿಟ್ಟಳಂತೆ. ಅವಳು ಮೆಟ್ಟಿಲಲ್ಲಿ ಕುಳಿತದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಕಾಲು ನೋವಾ ಅಕ್ಕ ಎಂದು ಮೇಸ್ತ್ರಿ ಕೇಳಿದ್ದಕ್ಕೆ, "ಅಲ್ಲಪ್ಪ, ರೇಸು ನಮ್ಮ ಅಣ್ಣಂದು" ಎಂದಳು. ಪುಸ್ತಕದಲ್ಲಿ ನಿಜ ಬರೆದರೆ ನೀರು ಇಳಿಸುತ್ತಾರೆ, ನೀರು ಇಳಿದರೆ ದೋಣಿಕಟ್ಟೆ ಕೆಸರಲ್ಲಿ ನಿಲ್ಲುತ್ತದೆ. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಎದ್ದು ಉಳಿದ ಮೆಟ್ಟಿಲು ಹತ್ತಿದಳು.

ಇಂಜಿನಿಯರ್ ಸಣ್ಣ ವಯಸ್ಸಿನವರು. ಭಾನುವಾರದ ಬ್ಯಾನರು ಓದುತ್ತ ಕುಳಿತಿದ್ದರು.

"ಸೋಮವಾರ ಕೊರೆಸಿದ್ರೆ ಆಗಲ್ವಾ ಹನಿಯಕ್ಕ?"

"ಆಗಬಹುದೇನೋ ಸರ್, ನಾನು ಓದಿದೋಳಲ್ಲ. ಆರು ಕಡೆ ಸೊನ್ನೆ ಬರೆದಿದ್ದೀನಿ, ಪಕ್ಕದಲ್ಲಿ ಸಿಮೆಂಟು ಅಂತ ಬರೆದಿದ್ದೀನಿ. ಮುಳ್ಳು ಎಲ್ಲಿದೆ ಅಂತಾನೂ ಬರೆದಿದ್ದೀನಿ. ಕೆಳಗೆ ಸಹಿ ನಿಮ್ಮದು."

ಅವರು ಪುಸ್ತಕ ನೋಡಿದರು, ಅವಳ ಮುಖ ನೋಡಿದರು, ಬೂಟು ಹಾಕಿಕೊಂಡು ತಾವೇ ಇಳಿದರು. ಮೇಲೆ ಬಂದವರು ಏದುಸಿರು ಬಿಡುತ್ತಲೇ ಫೋನು ಮಾಡಿದರು. ಮಧ್ಯಾಹ್ನ ಮೂರಕ್ಕೆ ಅಣೆಕಟ್ಟಿನ ಬಾಗಿಲು ತೆಗೆದು ನಾಲ್ಕು ಅಡಿ ನೀರು ಇಳಿಸುವುದು, ಕೊಳವೆ ತೆರೆಯುವ ತನಕ ರೇಸಿಲ್ಲ ಎಂದು ತೀರ್ಮಾನವಾಯಿತು.

ಆಫೀಸಿನ ಚೀಟಿ ಹೋಗುವ ಮೊದಲು ತಾನೇ ಹೇಳಬೇಕೆಂದು ಅವಳು ದೋಣಿಕಟ್ಟೆಗೆ ನಡೆದಳು. ನಾನು ಊಟದ ಡಬ್ಬಿ ಕೊಡಲು ಅಲ್ಲೇ ಇದ್ದೆ. ಯಜಮಾನರು ದೋಣಿಗಳಿಗೆ ನಂಬರು ಬರೆಯುತ್ತಿದ್ದರು.

"ಯಾರು ಬರೆದದ್ದು ಆ ಸೊನ್ನೆ?" ಎಂದು ಕೇಳಿದರು, ಎಲ್ಲ ಕೇಳಿಸಿಕೊಂಡ ಮೇಲೆ.

"ನಾನೇ ಅಣ್ಣ."

"ಮೂರು ವರ್ಷ ಅಲೆದಿದ್ದೀನಿ. ಚಪ್ಪಲಿ ಸವೆದುಹೋಯ್ತು."

"ಗೊತ್ತಣ್ಣ. ಹೊಲಿಸಿಕೊಂಡು ಬಂದೋಳು ನಾನೇ ಅಲ್ವಾ."

"ನಿನಗೆ ಅಣ್ಣ ಹೆಚ್ಚಾ, ಆ ತೂತುಗಳು ಹೆಚ್ಚಾ?"

ಅವರು ಬ್ರಷ್ಷನ್ನು ಬಣ್ಣದ ಡಬ್ಬಿಯಲ್ಲಿ ಮುಳುಗಿಸಿ ಬೆನ್ನು ತಿರುಗಿಸಿದರು.

ಅಷ್ಟರಲ್ಲಿ ಮೊದಲ ಸೈರನ್ ಕೂಗಿತು. ನೀರು ಬಿಡುವ ಮೊದಲು ಮೂರು ಸಲ ಕೂಗುವುದು ನಿಯಮ. ಅಣೆಕಟ್ಟಿನ ಕೆಳಗೆ ಬಂಡೆಗಳ ಮೇಲೆ ಗಾಳ ಹಾಕಿ ಕೂತವರಿಗೆ ಮೊದಲನೆಯದು ಕಿವಿಗೇ ಬೀಳುವುದಿಲ್ಲ, ಎರಡನೆಯದಕ್ಕೆ ತಲೆ ಎತ್ತುತ್ತಾರೆ, ಮೂರನೆಯದಕ್ಕೆ ಚಪ್ಪಲಿ ಹುಡುಕುತ್ತಾರೆ. ಅವತ್ತು ಕಾವಲಿನವನು ಒಬ್ಬನೇ ಇದ್ದ. ನಮ್ಮೆಜಮಾನರು ಕೊರಳಿನ ಸೀಟಿ ಬಾಯಿಗಿಟ್ಟು ಇಳಿಜಾರಿನಲ್ಲಿ ಓಡಿದರು. ಅರವತ್ತೆರಡು ವರ್ಷದ ಮನುಷ್ಯ!

"ಏಳ್ರೀ, ಏಳ್ರೀ! ನೀರು ಬಿಡ್ತಾರೆ!"

"ಇರಪ್ಪ, ಈಗಷ್ಟೇ ಕಚ್ಚಿದೆ!" ಎಂದ ಒಬ್ಬ ಮುದುಕ.

"ಮೀನು ನಿನ್ನ ಕಚ್ಚೋ ಮುಂಚೆ ಏಳು ಮಾರಾಯ!"

"ಇವತ್ತು ನೀರು ಬಿಡೋ ದಿನ ಅಲ್ವಲ್ಲ, ಯಾರು ಹೇಳಿದ್ದು?"

"ನನ್ನ ತಂಗಿ ಹೇಳಿದ್ದು! ಅವಳು ಸುಮ್ನೆ ಹೇಳಲ್ಲ, ಏಳಯ್ಯ!"

ಮೇಲೆ ಕಂಬಿ ಹಿಡಿದು ನಿಂತಿದ್ದ ನಮ್ಮಿಬ್ಬರಿಗೂ ಅದು ಚೆನ್ನಾಗಿಯೇ ಕೇಳಿಸಿತು. ನಾನು ನಾದಿನಿಯ ಕಡೆ ನೋಡಿದೆ. ಅವಳು ಮೂಗು ಒರೆಸಿಕೊಂಡು, "ಗಾಳಿ ಜೋರಾಗಿದೆ ಅತ್ತಿಗೆ" ಎಂದಳು.

ಬಂಡೆಯ ಮೇಲಿನ ಮಾತು ಬಂಡೆಗೇ ಆಯಿತು. ಮನೆಯಲ್ಲಿ ಮಾತಿಲ್ಲ. ಮರುದಿನ ಬಟ್ಟೆಯೆಲ್ಲ ತಂತಿಯ ಮೇಲಿತ್ತು, ಒಂದು ಜೊತೆ ಕಾಲುಚೀಲ ಮಾತ್ರ ಬಕೆಟ್ಟಿನ ತಳದಲ್ಲೇ ಉಳಿದಿತ್ತು. ಹನಿಯಕ್ಕ ಅದನ್ನು ಕಂಡಳು, ತಾನೇ ಹಿಂಡಿ ಹಾಕಿಕೊಂಡಳು. ಅದರ ಮಾರನೆಯ ದಿನವೂ ಹಾಗೇ. ಎದುರಿಗೇ ಅವಳಿದ್ದರೂ ಯಜಮಾನರು ನನಗೆ, "ಸೋಪು ಮುಗಿದಿದೆ ಅಂತ ಅವಳಿಗೆ ಹೇಳು" ಎನ್ನುವರು. ಅವಳು ನನಗೆ, "ತಂದಿಟ್ಟಿದ್ದೀನಿ ಅಂತ ಹೇಳಿ" ಎನ್ನುವಳು. ನಾನು ಇಬ್ಬರಿಗೂ ಹೇಳದೆ ತರಕಾರಿ ಹೆಚ್ಚುತ್ತಿದ್ದೆ. ಅಣ್ಣ ತಂಗಿಯ ಜಗಳದಲ್ಲಿ ಅತ್ತಿಗೆ ಬಾಯಿ ಹಾಕುವುದೆಂದರೆ ಬಾಗಿಲ ಸಂದಿಯಲ್ಲಿ ಬೆರಳಿಟ್ಟ ಹಾಗೆ.

ಸಿಮೆಂಟು ಕೊರೆಯಲು ಯಂತ್ರ ಬಂತು. ಎಂಟು ದಿನದಲ್ಲಿ ಐದು ಕೊಳವೆ ಬಿಟ್ಟುಕೊಂಡವು, ಆರನೆಯದು ಹಟ ಹಿಡಿಯಿತು. ಇನ್ನೆಷ್ಟು ದಿನ ಎಂದು ಜಗಳ ತೆಗೆಯಲು ಯಜಮಾನರು ಆಫೀಸಿಗೆ ಹೋದರೆ, ಇಂಜಿನಿಯರ್, "ಬನ್ನಿ, ನೀವೇ ನೋಡಿ" ಎಂದು ಕರೆದುಕೊಂಡು ಇಳಿದರು. ಮೂವತ್ತು ವರ್ಷ ಆ ನೀರಿನ ಮೇಲೆ ದೋಣಿ ನಡೆಸಿದವರು ಅಣೆಕಟ್ಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು.

ಅವರು ನೋಡುತ್ತಿರುವಾಗಲೇ ಕೊನೆಯ ಸಿಮೆಂಟು ಚೂರು ಕಿತ್ತು ಬಂತು. ನೀರು ಛಂಗನೆ ಎದ್ದು ಚಾವಣಿಗೆ ಬಡಿಯಿತು. ಮೇಸ್ತ್ರಿಯ ಟೋಪಿ ಎಲ್ಲಿಗೋ ಹಾರಿತು. ಕನ್ನಡಿಯಂಥ ಬಿಳಿ ಗೋಡೆಯ ಮೇಲೆಲ್ಲ ಕಂದು ನೀರು. ಹನಿಯಕ್ಕ ಮಾತ್ರ ಜಗ್ಗು ಹಿಡಿದು, ಗಡಿಯಾರ ನೋಡುತ್ತ, "ಒಂದೂವರೆ ಸೆಕೆಂಡು" ಎಂದು ಬರೆದುಕೊಂಡಳಂತೆ.

ಯಜಮಾನರು ತಲೆಯಿಂದ ಪಾದದವರೆಗೆ ನೆನೆದು ಮನೆಗೆ ಬಂದರು. ಟವೆಲು ಕೊಟ್ಟೆ. ತುಂಬ ಹೊತ್ತು ತಲೆ ಒರೆಸಿಕೊಂಡರು.

"ಎಷ್ಟು ಮೆಟ್ಟಿಲು ಅಲ್ಲಿ?"

"ಇನ್ನೂರ ಹನ್ನೆರಡು."

"ಇಳಿಯೋಕಾ, ಹತ್ತೋಕಾ?"

"ಎರಡಕ್ಕೂ ಅದೇ ಮೆಟ್ಟಿಲು ತಾನೇ?"

"ದಿನಾನಾ?"

"ದಿನಾ."

ರೇಸು ಮುಂದಿನ ತಿಂಗಳಿಗೆ ಹೋಯಿತು. ಹತ್ತೊಂಬತ್ತರಲ್ಲಿ ಹನ್ನೆರಡು ತಂಡ ಬರುವುದಿಲ್ಲವೆಂದು ಹೇಳಿಕಳಿಸಿದವು. ಆ ಸುದ್ದಿ ಬಂದ ಸಂಜೆ ಅವರು ಊಟ ಸರಿಯಾಗಿ ಮಾಡಲಿಲ್ಲ. ಏಳಾದರೆ ಏಳು, ಎಣಿಸೋಕೆ ಸುಲಭ ಎಂದು ಮಲಗಿದರು.

ಬೆಳಿಗ್ಗೆ ನಾನು ಹಿತ್ತಿಲ ಬಾಗಿಲು ತೆಗೆದಾಗ ಬಿಸಿಲು ಆಗಷ್ಟೇ ತಂತಿಯ ಮೇಲೆ ಬಿದ್ದಿತ್ತು. ಯಜಮಾನರು ಬಕೆಟ್ಟಿಗೆ ಕೈಹಾಕಿ, ತಳದಿಂದ ಆ ಒಂದು ಜೊತೆ ತೆಗೆದು, ನೀರು ತೊಟ್ಟಿಕ್ಕುವುದು ನಿಲ್ಲುವ ತನಕ ಹಿಂಡಿ ಹಿಂಡಿ, ಎಲ್ಲಕ್ಕಿಂತ ಮೊದಲು ಅದನ್ನೇ ತಂತಿಗೆ ಹಾಕಿ ಕ್ಲಿಪ್ಪು ಸಿಕ್ಕಿಸಿದರು. ಆಮೇಲೆ ತಮ್ಮ ಅಂಗಿ ಕೊಡವಿದರು.