ಅರಿಶಿನವಿಲ್ಲದ ಕಾರ್ಡು

ಕೋಲಾರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಗೆ ‘ಶತಶೃಂಗ ವೆಬ್ ಸರ್ವೀಸಸ್’ ಎಂಬ ಬೋರ್ಡು ಹಾಕಿತ್ತು. ಒಳಗೆ ಎರಡು ಕೋಣೆ, ಮೂರು ಕಂಪ್ಯೂಟರು, ಮಾಲೀಕ ಸುಮಧ್ವ, ಮತ್ತು 2003ರಲ್ಲಿ ಕೆಲಸಕ್ಕೆ ಸೇರಿದ ಮೇಧಾ. ಬೇರೆ ದೇಶದಲ್ಲಿದ್ದ ಯಾವುದೋ ದೊಡ್ಡ ಕಂಪ್ಯೂಟರಿನಲ್ಲಿ ಸುಮಧ್ವ ಜಾಗವನ್ನು ಬಾಡಿಗೆಗೆ ಹಿಡಿದಿದ್ದ. ಅದನ್ನು ತುಂಡು ತುಂಡು ಮಾಡಿ ಸುತ್ತಲಿನವರಿಗೆ ಒಳಬಾಡಿಗೆಗೆ ಕೊಡುತ್ತಿದ್ದ. ಮಾಲೂರಿನ ಇಟ್ಟಿಗೆ ಗೂಡಿನವರು, ಶ್ರೀನಿವಾಸಪುರದ ಮಾವಿನ ಮಂಡಿಯವರು, ನಂಗಲಿಯ ಲಾರಿ ಮಾಲೀಕರು, ಹುತ್ತೂರಿನ ರೇಷ್ಮೆಯವರು, ಎಲ್ಲ ಸೇರಿ ಅರವತ್ತೊಂದು ಗಿರಾಕಿಗಳು. ಇಂಟರ್‌ನೆಟ್ಟಿನಲ್ಲಿ ತಮ್ಮ ಹೆಸರಿದೆ ಎಂಬುದು ಅವರಿಗೆ ಹೆಮ್ಮೆ. ಆದರೆ ಅವರಲ್ಲಿ ಹೆಚ್ಚಿನವರು ಕಂಪ್ಯೂಟರಿನ ಮುಂದೆ ಕೂತವರೇ ಅಲ್ಲ.

ಹಾಗಾಗಿ ಆ ಕಂಪನಿಯ ಸುದ್ದಿಗಳೆಲ್ಲ ಅಂಚೆ ಕಾರ್ಡಿನಲ್ಲಿ ಹೋಗುತ್ತಿದ್ದವು. ಅದು ಮೇಧಾ ಮಾಡಿದ ಏರ್ಪಾಡು. “ಭಾನುವಾರ ಬೆಳಗ್ಗೆ ಎರಡು ಗಂಟೆ ಹೊತ್ತು ನಿಮ್ಮ ಪುಟ ಕಾಣಿಸುವುದಿಲ್ಲ, ದುರಸ್ತಿ ಇದೆ, ಗಾಬರಿ ಬೇಡ” ಎಂದು ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದಳು. ಬರೆದು ಮುಗಿದ ಮೇಲೆ ಕಾರ್ಡಿನ ನಾಲ್ಕು ಮೂಲೆಗೂ ಒಂದಿಷ್ಟು ಅರಿಶಿನ ಹಚ್ಚುತ್ತಿದ್ದಳು. ಅವಳ ಮೇಜಿನ ಖಾನೆಯಲ್ಲಿ ಒಂದು ಹಳೆಯ ಕುಂಕುಮದ ಭರಣಿಯಲ್ಲಿ ಅರಿಶಿನ ಯಾವಾಗಲೂ ಇರುತ್ತಿತ್ತು.

ಸುಮಧ್ವ ನಗುತ್ತಿದ್ದ. “ಮೇಧಾ, ಸರ್ವರ್ ದುರಸ್ತಿಗೂ ಲಗ್ನಪತ್ರಿಕೆ ಮಾಡ್ತೀಯಲ್ಲಮ್ಮ!”

“ಇರಲಿ ಸರ್. ಯಾರ ಮನೇಲಿ ಯಾವ ಕಾಗದಕ್ಕೆ ಕಾಯ್ತಿರ್ತಾರೋ. ಅರಿಶಿನ ಕಂಡ್ರೆ ಧೈರ್ಯವಾಗಿ ಓದ್ತಾರೆ.”

ಇದು ಅವಳ ಅಮ್ಮ ಹೇಳಿಕೊಟ್ಟ ಮಾತು. ಆ ಕಡೆಯ ಊರುಗಳಲ್ಲಿ ಕಾರ್ಡಿನ ಅಂಚಿಗೆ ಕಪ್ಪು ಬಳಿದಿದ್ದರೆ ಅದು ಸಾವಿನ ಸುದ್ದಿ. ಅಂಥ ಕಾಗದವನ್ನು ಹೊಸ್ತಿಲು ದಾಟಿಸುವುದಿಲ್ಲ. ಅಂಗಳದಲ್ಲೇ ಓದಿ, ಹರಿದು ಹಾಕಿ, ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ.

ಅರವತ್ತೊಂದು ಗಿರಾಕಿಗಳಲ್ಲಿ ಒಬ್ಬರಿಗೆ ಮಾತ್ರ ಮಾರುವ ಸರಕು ಯಾವುದೂ ಇರಲಿಲ್ಲ. ಅವರು ಮುಳಬಾಗಿಲಿನ ಶ್ಯಾಮಲಮ್ಮ. ನಲವತ್ತು ದಾಟಿದ್ದ ಅವರು ಜಗಲಿಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಾಕಿ ಬದುಕುತ್ತಿದ್ದರು. ತಾಯಿ ಹೋದ ಮೇಲೆ ತಮ್ಮ ಪ್ರಹ್ಲಾದನನ್ನು ಎರಡು ವರ್ಷದ ಮಗುವಿನಿಂದ ಸಾಕಿದವರು ಅವರೇ. ಅವನಿಗಾಗಿಯೇ ಮದುವೆ ಬೇಡವೆಂದವರು. 1996ರಲ್ಲಿ ಪ್ರಹ್ಲಾದ ಪಿಯುಸಿ ಪಾಸಾಯಿತೆಂದು ಹೇಳಿದ. ಶ್ಯಾಮಲಮ್ಮ ಬೀದಿಗೆಲ್ಲ ರವೆ ಉಂಡೆ ಹಂಚಿದರು. ಮೂರನೇ ದಿನ ಅವನು ಫೇಲಾಗಿದ್ದಾನೆಂದು ಗೊತ್ತಾಯಿತು. ಬೀದಿಯ ನಡುವೆ, ಉಂಡೆ ತಿಂದವರೆಲ್ಲ ನೋಡುತ್ತಿರುವಾಗ, ಅವನ ಕೆನ್ನೆಗೆ ಹೊಡೆದರು. ಮರುದಿನ ಬೆಳಗ್ಗೆ ಅವನಿರಲಿಲ್ಲ. ಮಾಲೂರು ರೈಲು ನಿಲ್ದಾಣದಲ್ಲಿ ನೋಡಿದೆವೆಂದು ಯಾರೋ ಹೇಳಿದರು. ಅಲ್ಲಿಂದ ಮುಂದಕ್ಕೆ ಅವನನ್ನು ಕಂಡವರಿಲ್ಲ.

2002ರಲ್ಲಿ ಅವರು ಶತಶೃಂಗಕ್ಕೆ ಬಂದು ಒಂದು ಪುಟ ಮಾಡಿಸಿದರು. ಅದರಲ್ಲಿ ಪ್ರಹ್ಲಾದನ ಹಾಲ್ ಟಿಕೆಟ್ಟಿನ ಫೋಟೊ, ಕೆಳಗೆ ಒಂದೇ ಸಾಲು: “ಪ್ರಹ್ಲಾದ, ಮನೆಗೆ ಬರೋಕೆ ನಾಚಿಕೆ ಆದ್ರೆ ಇಲ್ಲಿಗೆ ಬರಿ.” ಅದರ ಕೆಳಗೆ ಒಂದು ಇಮೇಲ್ ವಿಳಾಸ. ಆ ಅಂಚೆಪೆಟ್ಟಿಗೆಯನ್ನು ತೆರೆದು ನೋಡಲು ಅವರಿಗೆ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೇಧಾಳೇ ವಾರಕ್ಕೊಮ್ಮೆ ನೋಡುತ್ತಿದ್ದಳು. ಬರುತ್ತಿದ್ದುದೆಲ್ಲ ಲಾಟರಿ ಹೊಡೆದಿದೆ, ಮಾತ್ರೆ ಕೊಳ್ಳಿ ಎಂಬ ಕಸ. ತಿಂಗಳಿಗೊಮ್ಮೆ “ಈ ತಿಂಗಳು ಏನೂ ಬಂದಿಲ್ಲ ಅಕ್ಕ” ಎಂದು ಅರಿಶಿನ ಹಚ್ಚಿದ ಕಾರ್ಡು ಹಾಕುತ್ತಿದ್ದಳು. ಶ್ಯಾಮಲಮ್ಮ ಪ್ರತಿ ಕಾರ್ಡಿಗೂ ತಪ್ಪದೆ ಮಾರೋಲೆ ಬರೆಯುತ್ತಿದ್ದರು. “ನೋಡಿದ್ದಕ್ಕೆ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮುಂದಿನ ತಿಂಗಳೂ ನೋಡು.”

2005ರ ಏಪ್ರಿಲ್‌ನಲ್ಲಿ ಕಂಪನಿ ಹೊಸ ಸರ್ವರಿಗೆ ಹೋಗುವುದೆಂದಾಯಿತು. ಅಲ್ಲಿ ಪುಟಕ್ಕೆ ಬೇರೆ ದರ, ಅಂಚೆಪೆಟ್ಟಿಗೆಗೆ ಬೇರೆ ದರ. ಪೆಟ್ಟಿಗೆ ಬೇಡವೆಂದವರಿಗೆ ವರ್ಷಕ್ಕೆ ಆರುನೂರು ರೂಪಾಯಿ ಉಳಿಯುತ್ತಿತ್ತು. ಗಿರಾಕಿಗಳ ದುಡ್ಡು ಉಳಿಸುವುದೆಂದರೆ ಮೇಧಾಳಿಗೆ ಮೊದಲಿನಿಂದ ಇಷ್ಟ. ಅವಳು ಕೂತು ಒಂದೊಂದೇ ಪೆಟ್ಟಿಗೆಯನ್ನು ನೋಡಿದಳು. ಯಾವುದಕ್ಕೆ ಒಂದಾದರೂ ನಿಜವಾದ ಪತ್ರ ಬಂದಿದೆ, ಯಾವುದಕ್ಕಿಲ್ಲ ಎಂದು ಗುರುತು ಹಾಕಿದಳು. ಇಲ್ಲದ ನಲವತ್ತಮೂರು ಜನರಿಗೆ ಒಂದೇ ಒಕ್ಕಣೆ ಸಿದ್ಧವಾಯಿತು: “ನಿಮ್ಮ ಅಂಚೆಪೆಟ್ಟಿಗೆ ಬೇಕಾದಲ್ಲಿ ಇಪ್ಪತ್ತು ದಿನದೊಳಗೆ ಬರೆಯಿರಿ. ಬರೆಯದಿದ್ದರೆ ಅದನ್ನು ಮುಚ್ಚಿ ಉಳಿತಾಯದ ದರಕ್ಕೆ ಸೇರಿಸುತ್ತೇವೆ.”

ನಲವತ್ತಮೂರು ಕಾರ್ಡು ಕೈಯಲ್ಲಿ ಬರೆಯಲು ಹೊತ್ತಿರಲಿಲ್ಲ. ಸುಮಧ್ವ ಆ ವಾರ ಹೊಸದಾಗಿ ತಂದಿದ್ದ ಪ್ರಿಂಟರಿನಲ್ಲಿ ಮೇಧಾ ಕಾರ್ಡುಗಳನ್ನು ಅಚ್ಚು ಹಾಕಿದಳು. ಶಾಯಿ ಎಲ್ಲೋ ಸೋರುತ್ತಿತ್ತು. ಪ್ರತಿ ಕಾರ್ಡಿನ ಮೇಲಂಚಿಗೂ ಬೆರಳಗಲ ಕಪ್ಪು ಪಟ್ಟೆ ಹತ್ತಿತು. ಮೇಧಾ ಅದನ್ನು ನೋಡಿದಳು. ಒಂದು ಕಾರ್ಡನ್ನು ಒರೆಸಿಯೂ ನೋಡಿದಳು. ಹೋಗಲಿಲ್ಲ. ಖಾನೆ ಎಳೆದಳು. ಭರಣಿಯಲ್ಲಿ ಅರಿಶಿನ ಮುಗಿದಿತ್ತು. ಅಂಚೆ ಕಚೇರಿ ಮುಚ್ಚಲು ಕಾಲು ಗಂಟೆ ಉಳಿದಿತ್ತು. ಇದೊಂದು ಸಲ ಎಂದುಕೊಂಡು ಕಟ್ಟನ್ನು ತೆಗೆದುಕೊಂಡು ಮೆಟ್ಟಿಲಿಳಿದಳು.

ಮೂರನೇ ದಿನ ಮಾಲೂರಿನ ಇಟ್ಟಿಗೆ ಗೂಡಿನ ಎಲ್ಲಪ್ಪನವರ ಫೋನು ಬಂತು.

“ಏಮಮ್ಮಾ, ಎಷ್ಟು ಜನಾನ ಸಾಯಿಸ್ಬೇಕು ಅಂತಿದ್ದೀಯಾ? ಬೆಳಿಗ್ಗೇನೇ ಕರಿ ಕಾರ್ಡು! ನಮ್ಮವಳು ಓದೋಕೂ ಬಿಡಲಿಲ್ಲ, ಕೊಡ ತಂದು ತಲೆ ಮೇಲೆ ಸುರಿದ್ಲು. ಯಾರು ಹೋದ್ರು ಯಾರು ಹೋದ್ರು ಅಂತ ಗೂಡಿನ ಆಳುಗಳೆಲ್ಲ ಬಂದ್ಬಿಟ್ರು. ಆಮೇಲೆ ನೋಡಿದ್ರೆ ಹೋಗಿರೋದು ಅಂಚೆಪೆಟ್ಟಿಗೆ!”

“ತಪ್ಪಾಯ್ತು ಎಲ್ಲಪ್ಪನೋರೇ. ಪ್ರಿಂಟರ್ ಕೆಟ್ಟಿತ್ತು.”

“ಪೆಟ್ಟಿಗೆ ಮುಚ್ಚಮ್ಮಾ, ನನಗ್ಯಾಕೆ ಅದು. ತಿಥಿಗೆ ಯಾವತ್ತು ಬರ್ಲಿ ಹೇಳು!”

ಇಬ್ಬರೂ ನಕ್ಕರು. ಮೇಧಾ ಸುಮಧ್ವನಿಗೂ ಹೇಳಿದಳು, ಅವನೂ ನಕ್ಕ. ಅದೇ ಕರಿ ಕಾರ್ಡು ಮುಳಬಾಗಿಲಿಗೂ ಹೋಗಿದೆ ಎಂಬುದು ಆ ನಗುವಿನ ನಡುವೆ ಅವಳಿಗೆ ಹೊಳೆಯಲೇ ಇಲ್ಲ.

ಇಪ್ಪತ್ತು ದಿನ ಕಳೆಯಿತು. ಶ್ಯಾಮಲಮ್ಮನವರ ಮಾರೋಲೆ ಬರಲಿಲ್ಲ. ಯಾವತ್ತೂ ತಪ್ಪದ ಮಾರೋಲೆ. ಮೇಧಾ ಇನ್ನೂ ನಾಲ್ಕು ದಿನ ಕಾದಳು. ಒಂಬತ್ತು ವರ್ಷವಾಯಿತಲ್ಲ, ಕೊನೆಗೂ ಅಕ್ಕ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು ಎಂದುಕೊಂಡಳು. ತಿಂಗಳು ತಿಂಗಳೂ ‘ಏನೂ ಬಂದಿಲ್ಲ’ ಎಂದು ಬರೆಯುವ ಕೆಲಸ ತಪ್ಪಿತೆಂದು ಒಳಗೊಳಗೇ ಹಗುರವೂ ಆಯಿತು. ಪೆಟ್ಟಿಗೆ ಮುಚ್ಚಿದಳು. ಪುಟವನ್ನು ಹಾಗೇ ಉಳಿಸಿ, ಆರುನೂರು ರೂಪಾಯಿ ಉಳಿತಾಯದ ಪಟ್ಟಿಯಲ್ಲಿ ಶ್ಯಾಮಲಮ್ಮನವರ ಹೆಸರು ಸೇರಿಸಿದಳು.

ಡಿಸೆಂಬರಿನಲ್ಲಿ ಎಲ್ಲಪ್ಪನವರು ಮತ್ತೆ ಫೋನು ಮಾಡಿದರು. ಹೊಸೂರಿನ ಗಿರಾಕಿಯೊಬ್ಬ ಅವರಿಗೆ ಇಮೇಲ್ ಕಳಿಸಿದ್ದನಂತೆ, ವಾಪಸ್ ಹೋಯಿತಂತೆ. ಮುಚ್ಚಿದ ಪೆಟ್ಟಿಗೆಗಳಿಗೆ ಬಂದು ತಿರುಗಿಹೋದ ಪತ್ರಗಳ ಪಟ್ಟಿಯೊಂದು ಸರ್ವರಿನಲ್ಲಿರುತ್ತದೆ. ಪತ್ರದಲ್ಲಿ ಏನಿತ್ತೆಂದು ಅದು ಹೇಳುವುದಿಲ್ಲ. ಯಾರಿಂದ, ಯಾರಿಗೆ, ಯಾವತ್ತು ಎಂದಷ್ಟೇ ಹೇಳುತ್ತದೆ. ಮೇಧಾ ಹೊಸೂರಿನ ಪತ್ರ ಹುಡುಕುತ್ತ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಬಂದಳು.

ಆಗಸ್ಟಿನಲ್ಲಿ ಒಂದು ಸಾಲು. ಶ್ಯಾಮಲಮ್ಮನವರ ಪೆಟ್ಟಿಗೆಗೆ. ಕಳಿಸಿದವರ ವಿಳಾಸದಲ್ಲಿ ಪ್ರಹ್ಲಾದ ಎಂಬ ಹೆಸರು, ಅದರ ಮುಂದೆ 78 ಎಂಬ ಅಂಕಿ. ಪ್ರಹ್ಲಾದ ಹುಟ್ಟಿದ್ದು ಎಪ್ಪತ್ತೆಂಟರಲ್ಲಿ. ಮರುದಿನ ಅದೇ ವಿಳಾಸದಿಂದ ಇನ್ನೊಂದು. ಆಮೇಲೆ ಎರಡು ತಿಂಗಳು ಏನೂ ಇಲ್ಲ. ನವೆಂಬರಿನ ಮೊದಲ ವಾರ ಮೂರನೆಯದು. ಮೇಧಾ ಗೋಡೆಯ ಕ್ಯಾಲೆಂಡರನ್ನು ಹಿಂದಕ್ಕೆ ಮಗುಚಿ ನೋಡಿದಳು. ದೀಪಾವಳಿಯ ಪಾಡ್ಯ ಕಳೆದು ಅಕ್ಕನ ತದಿಗೆಯ ದಿನ ಅದು. ಅಕ್ಕಂದಿರ ಹೆಸರಿನ ಹಬ್ಬ.

ಮುಚ್ಚಿದ ಪೆಟ್ಟಿಗೆಗೆ ಬರೆದವರಿಗೆ ಸರ್ವರು ತಾನೇ ಒಂದು ಉತ್ತರ ಕಳಿಸುತ್ತಿತ್ತು. ಅದು ಇಂಗ್ಲಿಷಿನಲ್ಲಿ ಇರುತ್ತಿತ್ತು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂಬುದು ಅದರ ಅರ್ಥ. ಮೂರು ಸಲವೂ ಅದೇ ಉತ್ತರ ಹೋಗಿತ್ತು.

ಮೇಧಾ ಆ ವಿಳಾಸಕ್ಕೆ ತಕ್ಷಣ ಬರೆದಳು. “ಅಕ್ಕ ಇದ್ದಾರೆ. ತಪ್ಪು ನಮ್ಮದು. ದಯವಿಟ್ಟು ಮತ್ತೆ ಬರೆಯಿರಿ.” ಅರ್ಧ ನಿಮಿಷದಲ್ಲಿ ಅದು ತಿರುಗಿಬಂತು. ಯಾವುದೋ ಪುಕ್ಕಟೆ ಇಮೇಲ್. ಒಂದು ತಿಂಗಳು ತೆರೆಯದಿದ್ದರೆ ಅಂಥ ಪೆಟ್ಟಿಗೆಯನ್ನು ಕೊಟ್ಟ ಕಂಪನಿಯವರೇ ಮುಚ್ಚಿಬಿಡುತ್ತಿದ್ದರು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಈಗ ಅವಳಿಗೂ ಬಂದಿತ್ತು.

ಸುಮಧ್ವ ಪಟ್ಟಿಯನ್ನು ಬಹಳ ಹೊತ್ತು ನೋಡಿದ. “ಸರ್ವರಿನವರಿಗೆ ಕೇಳ್ತೀನಿ. ಪತ್ರ ಎಲ್ಲಾದ್ರೂ ಉಳಿದಿರತ್ತಾ ಅಂತ,” ಎಂದ. ಕೇಳಿದ. ಹಿಂದಿರುಗಿಸಿದ ಪತ್ರವನ್ನು ಇಟ್ಟುಕೊಳ್ಳುವುದಿಲ್ಲವೆಂದು ಮರುದಿನ ಉತ್ತರ ಬಂತು. “ನೋಡಮ್ಮ, ನಾವು ಕೇಳಿಯೇ ಮುಚ್ಚಿದ್ದು. ಅವರು ಬರೀಲಿಲ್ಲ. ಹೇಳ್ದೇ ಇದ್ರೂ ಯಾರಿಗೂ ಗೊತ್ತಾಗಲ್ಲ,” ಎಂದ ಸುಮಧ್ವ.

“ನನಗೆ ಗೊತ್ತಲ್ಲ ಸರ್,” ಎಂದಳು ಮೇಧಾ. ಬ್ಯಾಗು ತೆಗೆದುಕೊಂಡು ಮುಳಬಾಗಿಲಿನ ಬಸ್ಸು ಹತ್ತಿದಳು.

ಶ್ಯಾಮಲಮ್ಮ ಜಗಲಿಯಲ್ಲೇ ಇದ್ದರು. ಮೇಧಾಳನ್ನು ಅವರು ನೋಡಿದ್ದು ಒಂದೇ ಸಲ. ಆದರೂ ಗುರುತು ಹಿಡಿದರು. ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಲ್ಲಿ ನಿಲ್ಲಿಸಿ, ನೀರು ಬೇಕೇ ಎಂದೂ ಕೇಳದೆ, ಎದ್ದು ಅಂಗಳಕ್ಕಿಳಿದರು. ಕಾಂಪೌಂಡ್ ಗೋಡೆಯ ಒಂದು ಕಲ್ಲನ್ನು ಸರಿಸಿ, ಸಂದಿಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಕಾರ್ಡನ್ನು ತೆಗೆದರು. ಮೇಲಂಚಿನ ಕಪ್ಪು ಹಾಗೇ ಇತ್ತು.

“ಎಂಟು ತಿಂಗಳಾಯ್ತು ಕಣೇ ಇದು ಬಂದು,” ಎಂದರು. “ನಾನು ಓದಿಲ್ಲ. ಕೋಲಾರದ ಮೊಹರು ನೋಡ್ದೆ, ಕರಿ ನೋಡ್ದೆ, ತಿರುಗಿಸಿ ಇಟ್ಟೆ. ಮನೆಯೊಳಗೆ ಒಯ್ಯೋ ಹಾಗಿಲ್ಲ. ಹರಿದು ಹಾಕೋಣ ಅಂದ್ರೆ, ಓದದೆ ಹೇಗೆ ಹರೀಲಿ? ನೀನೇ ಬಂದ್ಯಲ್ಲ, ನೀನೇ ಓದು. ಎಲ್ಲಿ ಹೋದ ಅಂತ ಬರೆದಿದ್ದೀಯ?”

“ಅಕ್ಕಾ, ಇದು ಸಾವಿನ ಕಾಗದ ಅಲ್ಲ.”

ಶ್ಯಾಮಲಮ್ಮ ಗೋಡೆಗೆ ಕೈ ಕೊಟ್ಟು ನಿಂತರು.

“ಅಲ್ವಾ?”

“ಅಲ್ಲಕ್ಕ. ಪ್ರಿಂಟರ್ ಶಾಯಿ. ನಾನು ಅರಿಶಿನ ಹಚ್ಚಲಿಲ್ಲ. ಅವತ್ತು ಮುಗಿದುಹೋಗಿತ್ತು.”

“ಇದ್ದಾನಾ ಹಾಗಾದ್ರೆ?”

ಮೇಧಾ ಬಸ್ಸಿನಲ್ಲಿ ಎಷ್ಟೋ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ. ಪೆಟ್ಟಿಗೆ ಮುಚ್ಚಿದ್ದು, ಆಗಸ್ಟಿನ ಎರಡು ಪತ್ರ, ಅಕ್ಕನ ತದಿಗೆಯ ಒಂದು ಪತ್ರ, ತಾನು ಬರೆದದ್ದು, ಅದು ತಿರುಗಿಬಂದದ್ದು, ಎಲ್ಲವನ್ನೂ ನಡೆದ ಹಾಗೆ ಹೇಳಿದಳು. ಆರುನೂರು ರೂಪಾಯಿಯ ವಿಷಯವನ್ನೂ ಬಿಡಲಿಲ್ಲ.

ಶ್ಯಾಮಲಮ್ಮ ಅಳಲಿಲ್ಲ. ಕೊರಳಿಗೆ ಹಾಕಿಕೊಂಡಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ಮೂರು ಸಲ ಬರೆದನಾ?”

“ಹೌದಕ್ಕ.”

“ಮೂರು ಸಲಾನೂ ಇಲ್ಲಿ ಯಾರೂ ಇಲ್ಲ ಅಂದ್ವಾ?”

‘ಅಂದ್ವಾ’ ಎಂದರು ಅವರು. ‘ಅಂದ್ಯಾ’ ಎನ್ನಲಿಲ್ಲ. ಬೈದಿದ್ದರೆ ಮೇಧಾಳಿಗೆ ಸಹಿಸಲು ಆಗುತ್ತಿತ್ತೇನೋ. ಅವಳು ಅಂಗಳದಲ್ಲಿ ಹಾಗೇ ಕುಳಿತುಬಿಟ್ಟಳು.

“ನಾನು ಹೊಡೆದಾಗ್ಲೂ ಅವನು ಹೀಗೇ,” ಎಂದರು ಶ್ಯಾಮಲಮ್ಮ. “ಎದುರು ಮಾತಾಡ್ಲಿಲ್ಲ. ಕೆನ್ನೆ ಮುಟ್ಟಿಕೊಂಡು ಒಳಗೆ ಹೋದ. ಈ ಸಲಾನೂ ಹಾಗೇ ಹೋಗಿದ್ದಾನೆ ನೋಡು. ಮೂರು ಸಲ ಬಾಗಿಲು ತಟ್ಟಿ.”

ಅವರು ಕಾರ್ಡನ್ನು ಹರಿದರು. ಹರಿದ ಚೂರುಗಳನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದು ನಿಂತರು. ಸಾವಿನ ಕಾಗದವಾಗಿದ್ದರೆ ಬಿಸಾಕಿ ಸ್ನಾನ ಮಾಡಬೇಕಿತ್ತು. ಇದಕ್ಕೆ ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

“ಪೆಟ್ಟಿಗೆ ಮತ್ತೆ ತೆಗೀತೀಯಾ?”

“ನಿನ್ನೆಯೇ ತೆಗೆದಿದ್ದೀನಿ ಅಕ್ಕ. ಅದರ ದುಡ್ಡು ನಾನು ಕೊಡ್ತೀನಿ.”

“ದುಡ್ಡು ನಾನೇ ಕೊಡ್ತೀನಿ. ಅವನು ನನ್ನ ತಮ್ಮ. ಪುಟದ ಮೇಲಿನ ಮಾತು ಮಾತ್ರ ಬದಲಾಯಿಸು. ನಾಚಿಕೆ ಗೀಚಿಕೆ ಎಲ್ಲ ತೆಗೆದುಬಿಡು. ‘ಪ್ರಹ್ಲಾದ, ಅಕ್ಕ ಇಲ್ಲೇ ಇದ್ದಾಳೆ’ ಅಂತ ಬರಿ. ದೊಡ್ಡ ಅಕ್ಷರದಲ್ಲಿ.”

ಮೇಧಾ ಹಾಗೇ ಬರೆದಳು. ಇನ್ನೊಂದನ್ನೂ ಮಾಡಿದಳು. ಆ ವಿಳಾಸಕ್ಕೆ ಯಾರು ಹೇಗೆ ಬರೆದರೂ, ಹೆಸರಿನಲ್ಲಿ ಅಕ್ಷರ ತಪ್ಪಿದರೂ, ತಿರುಗಿಸಿ ಕಳಿಸದೆ ಒಂದೇ ಪೆಟ್ಟಿಗೆಗೆ ಬೀಳುವ ಹಾಗೆ ಸರ್ವರಿಗೆ ಹೇಳಿದಳು. ಅದರಿಂದ ದಿನಕ್ಕೆ ಇನ್ನೂರು, ಮುನ್ನೂರು ಕಸದ ಪತ್ರ ಬರತೊಡಗಿತು. ಜಾಗ ತಿನ್ನುತ್ತದೆ, ನೋಡದೆ ಅಳಿಸಿಹಾಕುವ ಸಾಫ್ಟ್‌ವೇರ್ ಇದೆ ಎಂದು ಸುಮಧ್ವ ಎರಡು ಸಲ ಹೇಳಿದ. ಮೂರನೇ ಸಲ ಹೇಳಲಿಲ್ಲ.

2008ರಲ್ಲಿ ಶತಶೃಂಗ ಮುಚ್ಚಿತು. ಸುಮಧ್ವ ಗಿರಾಕಿಗಳನ್ನೆಲ್ಲ ದೊಡ್ಡ ಕಂಪನಿಯೊಂದಕ್ಕೆ ವಹಿಸಿದ. ಮೇಧಾ ಮಾಲೂರಿನ ಕಾರ್ಖಾನೆಯೊಂದರ ಕಚೇರಿಗೆ ಸೇರಿದಳು. ಶ್ಯಾಮಲಮ್ಮನವರ ಪುಟ, ಪೆಟ್ಟಿಗೆ ಎರಡೂ ಅವಳ ಕೈಯಲ್ಲೇ ಉಳಿದವು. ಮಾಲೂರು ನಿಲ್ದಾಣದ ಎದುರಿನ ಇಂಟರ್‌ನೆಟ್ ಸೆಂಟರಿನಲ್ಲಿ ಅವಳು ದಿನಾ ಬೆಳಗ್ಗೆ ಕಚೇರಿಗೆ ಮೊದಲು ಅರ್ಧ ಗಂಟೆ ಕೂರುತ್ತಾಳೆ. ಲಾಟರಿ, ಮಾತ್ರೆ, ಸಾಲ, ಮತ್ತೆ ಲಾಟರಿ. ಒಂದೊಂದನ್ನೂ ತೆರೆದು, ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಅಳಿಸುತ್ತಾಳೆ. ಹೊರಗೆ ರೈಲು ಬಂದು ನಿಂತಾಗ ತಲೆಯೆತ್ತಿ ಇಳಿದವರ ಮುಖ ನೋಡುತ್ತಾಳೆ. ಹಾಲ್ ಟಿಕೆಟ್ಟಿನ ಫೋಟೊದ ಹುಡುಗನಿಗೆ ಈಗ ಮೂವತ್ತು. ಹೇಗಿರುತ್ತಾನೋ ಅವಳಿಗೆ ಗೊತ್ತಿಲ್ಲ.

ತಿಂಗಳ ಕೊನೆಗೆ ಮುಳಬಾಗಿಲಿಗೆ ಒಂದು ಕಾರ್ಡು ಬರೆಯುತ್ತಾಳೆ. “ಈ ತಿಂಗಳೂ ಏನೂ ಬಂದಿಲ್ಲ ಅಕ್ಕ.” ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಾಳೆ. ದೂರದಿಂದಲೇ ಕಾಣಲಿ ಎಂದು ತುಸು ಹೆಚ್ಚೇ ಹಚ್ಚುತ್ತಾಳೆ.